ಮೊದಲು ಬಂದ ಪುಟ್ಟ ಚಿತ್ರ

ಕೋವಿಡ್‌ನಿಂದಾಗಿ ಚೀನಾದ ಚಿತ್ರಮಂದಿರಗಳು 2020ರ ಜನವರಿಯಲ್ಲಿ, ಅಲ್ಲಿನ ಹೊಸವರ್ಷದ ಹಬ್ಬದ ಹೊತ್ತಿಗೇ ಬಾಗಿಲು ಹಾಕಿದವು. ಮಾರ್ಚ್‌ನಲ್ಲಿ ಕೆಲವು ತೆರೆದವು, ಕೆಲವೇ ದಿನಗಳಲ್ಲಿ ಮತ್ತೆ ಮುಚ್ಚಿದವು. ಕೊನೆಗೆ ಜುಲೈ 20ರಿಂದ, ಸೋಂಕಿನ ಅಪಾಯ ಕಡಿಮೆಯಿದ್ದ ಊರುಗಳಲ್ಲಿ, ಶೇ. 30ರಷ್ಟು ಸೀಟಿಗಷ್ಟೇ ಅನುಮತಿ. ಪಾಪ್‌ಕಾರ್ನ್ ಕೂಡ ಇಲ್ಲ.

ಅಂದು ತೆರೆಗೆ ಬಂದ ಹೊಸ ಚಿತ್ರ ಯಾವುದು ಗೊತ್ತೇ? ವಾಂಗ್ ಲೀನಾ ನಿರ್ದೇಶನದ ‘ಎ ಫಸ್ಟ್ ಫೇರ್‌ವೆಲ್’. ಷಿನ್‌ಜಿಯಾಂಗ್ ಹಳ್ಳಿಯ ಉಯ್ಗರ್ ಮಕ್ಕಳ ಅಗಲಿಕೆಯ ಕತೆ. ಸ್ಟಾರುಗಳಿಲ್ಲ, ಅಬ್ಬರವಿಲ್ಲ. ದೊಡ್ಡ ಬಜೆಟ್ಟಿನವರು ಕಾದು ನೋಡುತ್ತಿದ್ದಾಗ ಖಾಲಿ ಸೀಟುಗಳನ್ನು ಎದುರಿಸಿದ್ದು ಇದು!

ಆಗಸ್ಟ್‌ನಲ್ಲಿ ಬಂದ ಗುವಾನ್ ಹೂ ಅವರ ಯುದ್ಧಚಿತ್ರ ‘ದಿ ಎಯ್ಟ್ ಹಂಡ್ರೆಡ್’ 300 ಕೋಟಿ ಯುವಾನ್ ದಾಟಿತು. ಎಲ್ಲರ ನೆನಪಲ್ಲಿ ಉಳಿದದ್ದು ಅದೇ. ನನಗೆ ಮಾತ್ರ ಮೊದಲು ಬಂದದ್ದರ ಧೈರ್ಯವೇ ದೊಡ್ಡದು. ಸಿಕ್ಕರೆ ದಯವಿಟ್ಟು ನೋಡಿ.