ಕಣ್ತೆರೆಯದ ಯಂತ್ರ

ಆಷಾಢದ ಒಂದು ಬೆಳಿಗ್ಗೆ ನಮ್ಮ ಚಿರಂಜೀವಿಯ ಆಟದ ಲ್ಯಾಪ್‌ಟಾಪು ಏಳದೆ ಹೋಯಿತು. ಗುಂಡಿಯನ್ನೊತ್ತಿದರೆ ದೀಪವು ಹೊತ್ತುವುದು, ಫ್ಯಾನು ಗುಂಯ್ಗುಡುವುದು. ಪರದೆ ಮಾತ್ರ ಕಾಡಿಗೆಯಂತೆ ಕಪ್ಪು. ಆಟ ನಿಂತುದಕ್ಕೆ ನಾವು ಒಳಗೊಳಗೇ ಹಿಗ್ಗಿದೆವೆಂದು ಒಪ್ಪಿಕೊಳ್ಳಬೇಕು. ಆದರೆ ತೀರಿಕೊಂಡ ನಮ್ಮ ತಾಯಿಯವರಿಂದ ಹಾಡಿಸಿ ತಾನು ಮುದ್ರಿಸಿಕೊಂಡಿದ್ದ ಹಸೆಯ ಹಾಡುಗಳೆಲ್ಲವೂ ಅದರಲ್ಲಿಯೇ ಇವೆಯೆಂದೂ, ಬೇರೆ ಪ್ರತಿಯಿಲ್ಲವೆಂದೂ ಅವನು ತಲೆತಗ್ಗಿಸಿ ಹೇಳಿದಾಗ ನಮ್ಮ ಎದೆ ಧಸಕ್ಕೆಂದಿತು.

ನೆರೆಯವರು 65 ವಾಟಿನ ಚಾರ್ಜರೊಂದನ್ನು ತಂದುಕೊಟ್ಟರು; 230 ವಾಟು ಬೇಡುವ ಯಂತ್ರಕ್ಕೆ ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಎಲ್ಲ ತಂತಿಗಳನ್ನೂ ಕಿತ್ತು, ಒಳಗುಳಿದ ವಿದ್ಯುತ್ತು ಕಳೆಯಲೆಂದು ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದೆವು. ಟಿ.ವಿ.ಗೆ ಜೋಡಿಸಿ ನೋಡಿದೆವು, ಅಲ್ಲಿಯೂ ಕತ್ತಲೆ. ದೋಷವು ಪರದೆಯದಲ್ಲವೆಂಬ ಸಂಶಯ ಬಲವಾಯಿತು.

ಕಡೆಗೆ ತಳದ ಮುಚ್ಚಳವನ್ನು ತೆಗೆದು, ಬ್ಯಾಟರಿಯ ಸಂಪರ್ಕ ಬಿಡಿಸಿ, ಎರಡು ರ‍್ಯಾಮ್ ಪಟ್ಟಿಗಳನ್ನೂ ಕಿತ್ತು ಒಂದನ್ನೇ ಕೂರಿಸಿದೆವು. ಫಲವಿಲ್ಲ. ಅದನ್ನು ತೆಗೆದು ಮತ್ತೊಂದನ್ನು ಕೂರಿಸಿದೆವು. ಪಟ್ಟಿ ಬದಲಾದಾಗ ಯಂತ್ರವು ಅದನ್ನು ಹದಗೊಳಿಸಿಕೊಳ್ಳಲು ಕೆಲವು ನಿಮಿಷ ಹಿಡಿಯುವುದುಂಟು. ಅಷ್ಟರಲ್ಲಿ ತಾಳ್ಮೆಗೆಟ್ಟು ಗುಂಡಿಯೊತ್ತುವವರೇ ಬಹಳ. ನಾವೂ ಒಮ್ಮೆ ಒತ್ತಿದೆವು. ಎರಡನೆಯ ಸಲ ಮಗನು ನಮ್ಮ ಕೈ ಹಿಡಿದುಕೊಂಡನು. ಪರದೆ ಬೆಳಗಿತು.

ಹಾಡುಗಳಿದ್ದುದು ರ‍್ಯಾಮಿನಲ್ಲಲ್ಲ, ಎಸ್‌ಎಸ್‌ಡಿಯಲ್ಲಿ. ಅದನ್ನು ಬಿಚ್ಚಿ ಬೇರೆ ಯಂತ್ರದಲ್ಲಿ ಓದಿಸಲು ಮೊದಲೇ ಯತ್ನಿಸಬಹುದಿತ್ತಲ್ಲಾ ಎಂದು ಬಲ್ಲ ವಾಚಕರು ನಗಬಹುದು. ಗಾಬರಿಯಲ್ಲಿ ನಮಗದು ಹೊಳೆಯಲಿಲ್ಲ.

ಆಟಕ್ಕೆ ಕೈಹಾಕುವ ಮುನ್ನವೇ ಅವನಿಗೆ ಪೆನ್‌ಡ್ರೈವ್ ಕೊಟ್ಟೆವು. ಮೊದಲ ಹಾಡಿನ ನಡುವೆ ತಾಯಿಯವರು ಕೆಮ್ಮಿ, "ಮತ್ತೆ ಮೊದಲಿಂದ ಹೇಳಲೇನೋ?" ಎಂದು ಮೊಮ್ಮಗನನ್ನು ಕೇಳಿದರು.