ಅಣ್ಣನ ಬಿಯರ್ ಪಾತ್ರೆ, ಅವ್ವನ ರಾಗಿ ಮೊಳಕೆ, ನನ್ನ ಹಳೇ ಸುದ್ದಿ

ಮೊದಲೇ ಹೇಳಿಬಿಡುತ್ತೇನೆ, ನಾನು ಮನೆಯಲ್ಲಿ ಬಿಯರ್ ಮಾಡಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ. ಆದರೆ ಧಾನ್ಯದಿಂದ ಬಿಯರ್ ಹೇಗಾಗುತ್ತದೆ ಅಂತ ಶುರುವಿನಿಂದ ಕೊನೆವರೆಗೆ ನೋಡಿ ಕಲಿತಿದ್ದೇನೆ. ಕಲಿತದ್ದು ಮೊಬೈಲ್‌ನಲ್ಲಿ.

ಅದು ಶುರುವಾಗಿದ್ದು ಒಂದು ಪ್ರೆಸ್ ನೋಟ್‌ನಿಂದ.

ಒಂದು ಸಂಜೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಸುದ್ದಿ ಟೈಪ್ ಮಾಡುತ್ತಿದ್ದೆ. 'ಕಳ್ಳಭಟ್ಟಿ ಅಡ್ಡೆ ಮೇಲೆ ದಾಳಿ, ಬೆಲ್ಲದ ಕೊಳೆ ನಾಶ.' ಜಿಲ್ಲೆಯಲ್ಲಿ ಬಿಡಿ ಸುದ್ದಿಗಾರನಾಗಿ ಹನ್ನೊಂದು ವರ್ಷ ಆಯಿತು. ಈ ಸಾಲನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಊರ ಹೆಸರು, ಲೀಟರ್, ಆರೋಪಿಯ ಹೆಸರು ಬದಲಾಯಿಸಿದರೆ ಸಾಕು, ಸುದ್ದಿ ರೆಡಿ.

ಆಗ ದೊಡ್ಡಪ್ಪನ ಮಗ ಫೋನ್ ಮಾಡಿದ. ಅವನು ಇರುವುದು ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಕಂಪ್ಯೂಟರ್ ಕೆಲಸ.

"ಏನ್ಲಾ ಬರೀತಾ ಇದೀಯ?"

"ಕಳ್ಳಭಟ್ಟಿ ದಾಳಿ ಕಣಣ್ಣ. ಬೆಲ್ಲದ ಕೊಳೆ ಸಿಕ್ಕಿದೆಯಂತೆ."

"ಕೊಳೆ ಅಂದ್ರೆ ಏನು?"

ನಾನು ತಡವರಿಸಿದೆ. ಬೆಲ್ಲ ಕೊಳೆಸಿರುತ್ತಾರೆ ಅಂದೆ. ಯಾಕೆ ಕೊಳೆಸುತ್ತಾರೆ, ಆಮೇಲೆ ಏನಾಗುತ್ತದೆ ಅಂತ ಕೇಳಿದ. ಗೊತ್ತಿರಲಿಲ್ಲ. ಅವನು ನಕ್ಕ. "ಹನ್ನೊಂದು ವರ್ಷದಿಂದ ಬರೀತಾ ಇದೀಯ, ಪಾತ್ರೆ ಒಳಗೆ ಏನಿದೆ ಅಂತ ಗೊತ್ತಿಲ್ವೇನೋ? ಶನಿವಾರ ನಾನು ಬಿಯರ್ ಮಾಡ್ತೀನಿ, ವಿಡಿಯೊ ಕಳಿಸ್ತೀನಿ, ನೋಡು."

ಅಲ್ಲಿ ಮನೆಯಲ್ಲಿ ಬಿಯರ್ ಮಾಡಿಕೊಳ್ಳುವುದು ಕಾನೂನುಬದ್ಧ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ ಮನೆ ಬಿಯರ್‌ಗೆ ತೆರಿಗೆ ಹೋಯಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಮಿತಿ. ಕುಡಿಯಬಹುದು, ಮಾರುವ ಹಾಗಿಲ್ಲ. ಅಣ್ಣನೂ ಕೊರೊನಾ ಕಾಲದಲ್ಲಿ ಯೂಟ್ಯೂಬ್ ನೋಡಿಕೊಂಡೇ ಕಲಿತವನು.

ವಿಡಿಯೊ ಬಂತು. ಮೂರು ತುಂಡು, ಒಂದೊಂದೂ ಹದಿನೈದು ನಿಮಿಷ. ದಿನದ ಡೇಟಾ ಮುಗಿಯುವ ಮುಂಚೆ, ರಾತ್ರಿ ಹನ್ನೊಂದರ ಮೇಲೆ ಜಗಲಿಯಲ್ಲಿ ಕೂತು ನೋಡಿದೆ. ಎರಡನೇ ಸಲ ನೋಟ್‌ಬುಕ್ ಇಟ್ಟುಕೊಂಡು ನೋಡಿದೆ.

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ್ದಕ್ಕೆ ಮಾಲ್ಟ್ ಅನ್ನುತ್ತಾರೆ. ಅಣ್ಣ ಅಂಗಡಿಯಿಂದ ತಂದ 5 ಕೆಜಿ ಮಾಲ್ಟ್ ಅನ್ನು ನುಚ್ಚಿನ ಹಾಗೆ ಒಡೆದ. ಹಿಟ್ಟು ಮಾಡಬಾರದು, ಮಾಡಿದರೆ ನೀರು ಸೋಸುವುದಿಲ್ಲ, ಗೊಜ್ಜಾಗುತ್ತದೆ. ಆ ನುಚ್ಚನ್ನು ಬಿಸಿನೀರಲ್ಲಿ ಒಂದು ಗಂಟೆ ಇಟ್ಟ. ಈ ಒಂದು ಗಂಟೆಯಲ್ಲೇ ಎಲ್ಲಾ ಇರುವುದು. ನೀರು 65ರಿಂದ 68 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಮೊಳಕೆ ಬಂದಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತದೆ. ನೀರು ತಣ್ಣಗಿದ್ದರೆ ಕೆಲಸ ನಿಧಾನ, ಕುದಿಯುತ್ತಿದ್ದರೆ ಕಿಣ್ವವೇ ಸಾಯುತ್ತದೆ.

ಆಮೇಲೆ ಒಂದು ಹನಿ ರಸವನ್ನು ಬಿಳಿ ತಟ್ಟೆಗೆ ಬಿಟ್ಟು ಅದರ ಮೇಲೆ ಅಯೋಡಿನ್ ಹಾಕಿದ. ಕಪ್ಪುನೀಲಿ ಆದರೆ ಪಿಷ್ಟ ಇನ್ನೂ ಉಳಿದಿದೆ. ಅಯೋಡಿನ್ ತನ್ನ ಕಂದು ಬಣ್ಣದಲ್ಲೇ ಇದ್ದರೆ ಪೂರಾ ಸಕ್ಕರೆಯಾಗಿದೆ. ಹೈಸ್ಕೂಲಿನಲ್ಲಿ ಆಲೂಗಡ್ಡೆ ಮೇಲೆ ಮಾಡಿದ್ದ ಪ್ರಯೋಗ! ಇಪ್ಪತ್ತು ವರ್ಷ ಆದ ಮೇಲೆ ಅದು ಯಾತಕ್ಕೆ ಅಂತ ಗೊತ್ತಾಯಿತು.

ಸಿಹಿ ರಸವನ್ನು ಸೋಸಿ, ಕಾಳಿನ ಮೇಲೆ ಮತ್ತೆ ಬಿಸಿನೀರು ಹುಯ್ದು ಉಳಿದ ಸಕ್ಕರೆಯನ್ನೂ ತೊಳೆದು ತೆಗೆದ. ಹಾಪ್ಸ್ ಎಂಬ ಕಹಿ ಹೂವು ಹಾಕಿ ಒಂದು ಗಂಟೆ ಕುದಿಸಿದ. ಬೇಗ ಆರಿಸಿ, ಸುಮಾರು 20 ಡಿಗ್ರಿಗೆ ಬಂದ ಮೇಲೆ ಯೀಸ್ಟ್ ಹಾಕಿ ಮುಚ್ಚಿಟ್ಟ. ನಮ್ಮ ಇಡ್ಲಿ ಹಿಟ್ಟು ಉಬ್ಬುವ ಹಾಗೆ ಅದೂ ಹುಳಿಯುತ್ತದೆ, ಗುಳುಗುಳು ಗುಳ್ಳೆ ಬರುತ್ತದೆ. ಯೀಸ್ಟ್ ಸಕ್ಕರೆ ತಿಂದು ಮದ್ಯ ಮಾಡುತ್ತದೆ. ಎರಡು ವಾರ ಹಾಗೆ, ಬಾಟಲಿಗೆ ತುಂಬಿ ಇನ್ನೆರಡು ವಾರ. ಸಿಕ್ಕಿದ್ದು 19 ಲೀಟರ್.

ಡೇರಿಗೆ ಹಾಲು ಹಾಕುವವರಿಗೆ ಒಂದು ಮಾತು. ನಮ್ಮ ಲ್ಯಾಕ್ಟೋಮೀಟರ್ ತರಹದ್ದೇ ಒಂದು ಗಾಜಿನ ಕಡ್ಡಿ ಅವನ ಹತ್ತಿರವೂ ಇದೆ. ಹಾಲಿಗೆ ನೀರು ಸೇರಿಸಿದರೆ ಕಡ್ಡಿ ಆಳಕ್ಕೆ ಇಳಿಯುತ್ತದಲ್ಲ, ಹಾಗೇ ರಸದಲ್ಲಿನ ಸಕ್ಕರೆ ಕರಗಿ ಮದ್ಯವಾದಷ್ಟೂ ಅದು ಇಳಿಯುತ್ತದೆ. ಶುರುವಿಗೆ 1.050 ಇತ್ತು, ಕೊನೆಗೆ 1.010. ಆ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಶೇ 5ರಷ್ಟು ಮದ್ಯ. ಏನು ಹಾಕಿದೆ, ಎಷ್ಟು ಹಾಕಿದೆ, ಏನಾಯಿತು ಅಂತ ಎಲ್ಲವನ್ನೂ ಅವನು ಒಂದು ಪುಸ್ತಕದಲ್ಲಿ ಬರೆದಿಡುತ್ತಾನೆ. ವಿಡಿಯೊದಲ್ಲಿ ಅದನ್ನೂ ತೋರಿಸಿದ.

ನಾನು ನೋಡುತ್ತಿದ್ದಾಗ ಅವ್ವ ಹಿಂದೆ ಬಂದು ನಿಂತಿತ್ತು.

"ಅದೇನ್ಲಾ, ಹೆಂಡನಾ?"

"ಬಿಯರ್ ಕಣವ್ವ. ಅಣ್ಣ ಮಾಡ್ತಾವ್ನೆ."

"ನಿಮ್ಮಪ್ಪ ಕುಡಿದಿದ್ದು ಸಾಲ್ದು ಅಂತ ನೀನೀಗ ಮಾಡೋದ ಕಲೀತಿದೀಯಾ?"

ನಮ್ಮಪ್ಪ ಪ್ಯಾಕೆಟ್ ಸಾರಾಯಿ ಕುಡಿಯುತ್ತಿದ್ದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅಪ್ಪ ನಿಲ್ಲಿಸಲಿಲ್ಲ, ಬಾಟಲಿಗೆ ಹೋದರು. ಅದರಲ್ಲೇ ತೀರಿಕೊಂಡರು. ಅವ್ವನಿಗೆ ನಾನು ಏನೂ ಉತ್ತರ ಕೊಡಲಿಲ್ಲ. ಫೋನ್ ಆಫ್ ಮಾಡಿದೆ.

ಎರಡು ದಿನ ಬಿಟ್ಟು ಕೇಳಿದೆ, "ಅವ್ವ, ರಾಗಿ ಮೊಳಕೆ ಕಟ್ಟಿಕೊಡ್ತೀಯಾ? ಕುಡಿಯೋದಕ್ಕಲ್ಲ, ಗಂಜಿಗೆ." ಅವ್ವ ನನ್ನ ಮುಖ ನೋಡಿತು. ರಾಗಿ ತೊಳೆದು ರಾತ್ರಿ ನೆನೆಹಾಕಿತು. ಬೆಳಿಗ್ಗೆ ಹಳೇ ಪಂಚೆಯಲ್ಲಿ ಗಂಟು ಕಟ್ಟಿ, ಆಗಾಗ ನೀರು ಚಿಮುಕಿಸಿ ಎರಡು ದಿನ ಇಟ್ಟಿತು. ಬಿಳೀ ಮೊಳಕೆ ಬಂದ ಮೇಲೆ ಒಣಗಿಸಿ, ಉಜ್ಜಿ ಬೇರು ತೆಗೆದು ಬೀಸಿತು. ಹುರಿಯಲು ಹೊರಟಾಗ ಬೇಡ ಅಂದೆ. ಕಿಣ್ವ ಉಳಿಯಲಿ ಅಂತ.

ನನ್ನ ಮೊದಲ ಪ್ರಯೋಗ ಕೆಟ್ಟಿತು. ಕುದಿಯುವ ಗಂಜಿಗೇ ಮೊಳಕೆ ಹಿಟ್ಟು ಹಾಕಿದೆ. ಇನ್ನೂ ಗಟ್ಟಿಯಾಯಿತು. ಎರಡನೇ ದಿನ ಡೇರಿಯಿಂದ ಹಾಲಿನ ಥರ್ಮಾಮೀಟರ್ ಕೇಳಿ ತಂದೆ. ಸಾದಾ ರಾಗಿ ಹಿಟ್ಟಿನಿಂದ ಗಟ್ಟಿ ಗಂಜಿ ಮಾಡಿ, 65ಕ್ಕೆ ಇಳಿಯುವವರೆಗೆ ಕಾದು, ಎರಡು ಚಮಚ ಮೊಳಕೆ ಹಿಟ್ಟು ಕಲಸಿದೆ. ಹದಿನೈದು ನಿಮಿಷದಲ್ಲಿ ಸೌಟಿನಿಂದ ಬೀಳದ ಗಂಜಿ ಮಜ್ಜಿಗೆಯ ಹಾಗೆ ಹರಿಯಿತು. ಸಕ್ಕರೆ ಹಾಕದೇ ಸಣ್ಣಗೆ ಸಿಹಿ. ಅಣ್ಣನ ಪಾತ್ರೆಯಲ್ಲಿ ನಡೆದದ್ದೇ ಇಲ್ಲೂ ನಡೆದಿತ್ತು. ಯೀಸ್ಟ್ ಮಾತ್ರ ಇಲ್ಲ.

ಅವ್ವನಿಗೆ ತೋರಿಸಿದೆ. "ಇದಕ್ಕೆ ಅಮೆರಿಕ ಬೇಕಿತ್ತಾ? ನಿನಗೆ ಹಲ್ಲು ಬರೋ ಮುಂಚೆ ಇದನ್ನೇ ಕುಡಿಸಿದ್ದು. ಕುದೀತಾ ಇರೋದಕ್ಕೆ ಹಾಕಬಾರದು. ಇಳಿಸಿ, ಬೆರಳು ಅದ್ದಿ ತಟ್ಟನೆ ತೆಗೆಯೋ ಅಷ್ಟು ಬಿಸಿ ಇದ್ದಾಗ ಹಾಕಿ, ಆಮೇಲೆ ಇನ್ನೊಂದು ಕುದಿ ಬರಿಸಬೇಕು."

"ಮೊದಲೇ ಯಾಕೆ ಹೇಳಲಿಲ್ಲ?"

"ನೀನೆಲ್ಲಿ ಕೇಳಿದೆ?"

ಈ ಮಾತು ನನಗೆ ತಾಗಿತು. ಬೇರೆ ಒಬ್ಬರ ನೆನಪಾಯಿತು.

ನಾಲ್ಕು ವರ್ಷದ ಹಿಂದೆ ಪಕ್ಕದ ಹೋಬಳಿಯಲ್ಲಿ ದಾಳಿಯಾಗಿತ್ತು. '60 ಲೀಟರ್ ಬೆಲ್ಲದ ಕೊಳೆ ನಾಶ, ಮಹಿಳೆ ಬಂಧನ.' ಸುದ್ದಿ ಕಳಿಸಿದ್ದು ನಾನು. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊವನ್ನೂ ಹಾಗೇ ದಾಟಿಸಿದ್ದೆ. ಆ ಹೆಂಗಸಿನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು.

ಅಣ್ಣನ ಲೆಕ್ಕದ ಪುಸ್ತಕ ನೋಡಿದ ಮೇಲೆ ಆ ಸುದ್ದಿಯನ್ನು ಮತ್ತೆ ಓದಿದೆ. ಕೊಳೆ ಅಂದರೆ ಹುಳಿ ಬಂದ ಬೆಲ್ಲದ ನೀರು. ಅದನ್ನು ಕಾಯಿಸಿ ಹಬೆ ಹಿಡಿದರೆ ಭಟ್ಟಿ ಇಳಿಯುತ್ತದೆ. ಹಾಗಾದರೆ ಹಂಡೆ ಎಲ್ಲಿತ್ತು, ಕೊಳವೆ ಎಲ್ಲಿತ್ತು? ಅಷ್ಟು ಬೆಲ್ಲಕ್ಕೆ ದುಡ್ಡು ಯಾರದು? ಇಳಿಸಿದ್ದು ಯಾರಿಗೆ ಹೋಗುತ್ತಿತ್ತು? ನನ್ನ ಸುದ್ದಿಯಲ್ಲಿ ಇದ್ದ ಅಳತೆ ಒಂದೇ, ಚೆಲ್ಲಿದ ಲೀಟರ್.

ಬೈಕ್ ತೆಗೆದು ಹೋದೆ. ಆಕೆ ಕುರಿ ಹೊಡೆದುಕೊಂಡು ಬರುತ್ತಿದ್ದರು. ಪೇಪರಿನವನು ಅಂದ ತಕ್ಷಣ ಮುಖ ತಿರುಗಿಸಿದರು. ಆ ಸುದ್ದಿ ಬರೆದವನು ನಾನೇ ಅಕ್ಕ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಮಾಡ್ತಿದ್ದೆ ಸ್ವಾಮಿ, ಇಲ್ಲ ಅನ್ನಲ್ಲ. ಸಾಲ ಇತ್ತು. ಬೆಲ್ಲದ ಮೂಟೆ ತಂದು ಹಾಕಿದೋನೇ ಕ್ಯಾನ್ ಎತ್ಕೊಂಡು ಹೋಗೋನು. ನನಗೆ ಕ್ಯಾನಿಗೆ ಇಷ್ಟು ಅಂತ ಕೂಲಿ. ಅವನು ಈಗಲೂ ಆರಾಮಾಗವ್ನೆ."

"ಇದನ್ನ ಆಗಲೇ ಹೇಳಬಹುದಿತ್ತಲ್ಲ ಅಕ್ಕ."

"ಯಾರು ಕೇಳಿದ್ರು? ನೀವು ಬಂದೇ ಇಲ್ಲ. ಫೋಟೊ ಮಾತ್ರ ಬಂತು. ನನ್ನ ಮಗಳಿಗೆ ಸ್ಕೂಲಲ್ಲಿ ಮೊಬೈಲಲ್ಲಿ ತೋರಿಸಿದ್ರಂತೆ. ಒಂಬತ್ತಕ್ಕೇ ಬಿಟ್ಟುಬಿಟ್ಟಳು."

ನಾನು ತಪ್ಪಾಯಿತು ಅಂದೆ. ಆಕೆ ಆಗಲಿ ಅನ್ನಲಿಲ್ಲ, ಬಯ್ಯಲೂ ಇಲ್ಲ. ಕುರಿ ಮುಂದೆ ಹೋಗುತ್ತಿವೆ ಅಂತ ಹೊರಟರು.

ಕಳ್ಳಭಟ್ಟಿ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಮೆಥನಾಲ್ ಬೆರೆಸಿ ಮಾರಿ ಜನ ಸತ್ತಿದ್ದಾರೆ, ಕಣ್ಣು ಕಳೆದುಕೊಂಡಿದ್ದಾರೆ. ನಮ್ಮ ಮನೆಯೇ ಕುಡಿತದಿಂದ ಹಾಳಾದ ಮನೆ. ದಾಳಿ ಸುದ್ದಿ ಬರೆಯಲೇಬೇಕು. ಆದರೆ ಪಾತ್ರೆಯೊಳಗೆ ಏನಿದೆ ಅಂತ ತಿಳಿಯದೆ ಬರೆದರೆ, ಕೊನೆಗೆ ಪಾತ್ರೆಯ ಪಕ್ಕ ನಿಂತಿದ್ದವರ ಮುಖ ಮಾತ್ರ ಅಚ್ಚಾಗುತ್ತದೆ.

ಈ ಸುದ್ದಿಗಳಿಗೆ ನನಗೆ ಸಿಗುವ ದುಡ್ಡು ಪೆಟ್ರೋಲಿಗೆ ಸಾಲುವುದಿಲ್ಲ, ಎಲ್ಲ ಕಡೆ ಹೋಗಲು ಆಗುವುದಿಲ್ಲ. ಅದಕ್ಕೇ ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ನಾಲ್ಕು ಪ್ರಶ್ನೆ ಬರೆದುಕೊಂಡಿದ್ದೇನೆ. ಫೋನಿನಲ್ಲಾದರೂ ಕೇಳುತ್ತೇನೆ. ಏನು ಹಾಕಿದ್ದರು? ಎಲ್ಲಿಂದ ತಂದರು? ದುಡ್ಡು ಯಾರದು? ಕೊಳ್ಳುವವರು ಯಾರು? ಮುಖದ ಫೋಟೊ ಕಳಿಸುವುದಿಲ್ಲ.

ಹೋದ ತಿಂಗಳು ಹೀಗೆ ಕೇಳಿ ಬರೆದ ಸುದ್ದಿಯಲ್ಲಿ ಡೆಸ್ಕಿನವರು ಎರಡು ಸಾಲು ಉಳಿಸಿದರು. ಅವುಗಳಲ್ಲಿ ಒಂದು, ಬೆಲ್ಲ ಎಲ್ಲಿಂದ ಬಂತು ಅನ್ನುವುದು.

ಅಣ್ಣ ಮೊನ್ನೆ ಫೋನ್ ಮಾಡಿ, ಮುಂದಿನ ಸಲ ಬಾರ್ಲಿ ಜೊತೆ ರಾಗಿ ಮೊಳಕೆ ಸೇರಿಸಿ ನೋಡುತ್ತೇನೆ, ಅವ್ವನ ಹತ್ತಿರ ವಿಧಾನ ಕೇಳಿ ಹೇಳು ಅಂದ. ಅವ್ವ ಫೋನ್ ಇಸಕೊಂಡಿತು.

"ಗಂಜಿಗಾದ್ರೆ ಹೇಳ್ತೀನಿ," ಅಂತು.