ಎಲ್ಲಿಗೆ ಬಂತು?

ಊಟ ಆಯ್ತಾ, ಮಳೆ ಹೇಗಿದೆ ಎಂಬ ಮಾತುಗಳು ಮುಗಿದ ಮೇಲೆ ನನ್ನ ನಾಲಿಗೆಗೆ ತಾನಾಗಿ ಬರುವ ಪ್ರಶ್ನೆ ಒಂದೇ: ‘ಈಗ ಏನು ಓದ್ತಾ ಇದ್ದೀರಿ?’ ನಿಮಗೆ ಇಷ್ಟವಾದ ಪುಸ್ತಕ ಯಾವುದು ಎಂದು ನಾನು ಕೇಳುವುದಿಲ್ಲ. ಹಾಗೆ ಕೇಳಿದರೆ ಜನ ನೆಟ್ಟಗೆ ಕೂತು, ಯೋಚಿಸಿ, ದೊಡ್ಡ ಹೆಸರೊಂದನ್ನು ಗೌರವದಿಂದ ಹೇಳಿ ಸುಮ್ಮನಾಗುತ್ತಾರೆ. ದಿಂಬಿನ ಪಕ್ಕದಲ್ಲಿ ಮಗುಚಿಟ್ಟಿರುವ ಪುಸ್ತಕದ ಬಗ್ಗೆ ಕೇಳಿ ನೋಡಿ, ಮುಖದ ಕಳೆಯೇ ಬದಲಾಗುತ್ತದೆ. ಆಮೇಲೆ ನಾನು ಎರಡನೆಯ ಪ್ರಶ್ನೆ ಹಾಕುತ್ತೇನೆ: ‘ಎಲ್ಲಿಗೆ ಬಂತು?’ ಅಲ್ಲಿಂದ ಮಾತಿಗೆ ಬಿಡುವಿಲ್ಲ.

ಓದಿ ಮುಗಿಸಿದವರ ಮಾತಿಗೂ ಓದುತ್ತಿರುವವರ ಮಾತಿಗೂ ಬಹಳ ಅಂತರವಿದೆ. ಮುಗಿಸಿದವರಲ್ಲಿ ಒಂದು ತೀರ್ಪು ಇರುತ್ತದೆ. ಚೆನ್ನಾಗಿದೆ, ಕೊನೆ ಸ್ವಲ್ಪ ಎಳೆದಿದ್ದಾರೆ, ಇನ್ನೊಮ್ಮೆ ಓದಬಹುದು. ನಡುವೆ ಇರುವವರಿಗೆ ಇನ್ನೂ ತೀರ್ಪಿಲ್ಲ, ಬರೀ ಕಾತರ. ಅವರು ಪಾತ್ರಗಳ ವಿಷಯವನ್ನು ಪಕ್ಕದ ಮನೆಯವರ ವಿಷಯದಂತೆ ಮಾತಾಡುತ್ತಾರೆ. ‘ಅವನಿಗೆ ಅಷ್ಟೂ ಗೊತ್ತಾಗಬಾರದಾ?’ ಎಂದು ಸಿಟ್ಟಾಗುತ್ತಾರೆ. ಆ ಸಿಟ್ಟು ನನಗೆ ಬಹಳ ಇಷ್ಟ. ಮುನ್ನುಡಿ, ವಿಮರ್ಶೆ, ಬೆನ್ನುಡಿ ಯಾವುದೂ ಒಂದು ಪುಸ್ತಕವನ್ನು ಅಷ್ಟು ಜೀವಂತವಾಗಿ ನನ್ನ ಮುಂದೆ ಇಟ್ಟದ್ದಿಲ್ಲ.

ಈ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಇರುವ ನಮ್ಮ ಅತ್ತಿಗೆ ‘ಮಲೆಗಳಲ್ಲಿ ಮದುಮಗಳು’ ಹಿಡಿದರು. ಕುವೆಂಪು ಅದನ್ನು ಪ್ರಕಟಿಸಿದ್ದು 1967ರಲ್ಲಿ. ಅತ್ತಿಗೆಯ ಮನೆಯ ಬೀರುವಿನಲ್ಲಿ ಅದು ಎಷ್ಟೋ ವರ್ಷದಿಂದ ಇತ್ತು. ದಪ್ಪ ನೋಡಿಯೇ ಎಲ್ಲರೂ ಮುಂದಕ್ಕೆ ಹಾಕಿದ್ದರು. ಆಷಾಢದ ಮಳೆ ಕಟ್ಟಿಕೊಂಡು ಕರೆಂಟು ಹೋಗಿ, ತೋಟದ ಕೆಲಸ ನಿಂತಾಗ ಅವರು ಅದನ್ನು ಕೆಳಗಿಳಿಸಿದರು. ನೆಟ್‌ವರ್ಕ್ ಸಿಕ್ಕ ದಿನ ನನಗೆ ಫೋನು.

‘ಎಲ್ಲಿಗೆ ಬಂತು ಅತ್ತಿಗೆ?’

‘ಗುತ್ತಿ ತಿಮ್ಮಿನ ಕರ್ಕೊಂಡು ರಾತ್ರಿ ಓಡ್ತಾ ಇದ್ದಾನೆ ಮಾರಾಯ. ಕತ್ತಲೆ ಕಾಡು. ನಂಗೆ ಅಡಿಗೆ ಮಾಡಕ್ಕೂ ಮನಸ್ಸಿಲ್ಲ.’

‘ಊಟ?’

‘ನಿಮ್ಮಣ್ಣ ಚಟ್ನಿ ಅರೀತಾ ಇದ್ದಾರೆ.’

ಅವರ ಓದಿನಲ್ಲಿ ನನಗೆ ಸಿಗದ ಒಂದು ಸೌಭಾಗ್ಯವಿದೆ. ಅವರಿಗೆ ಮೇಗರವಳ್ಳಿ ಎಂದರೆ ಆಗುಂಬೆ ರಸ್ತೆಯಲ್ಲಿ ಬಸ್ಸು ನಿಲ್ಲುವ ಜಾಗ. ಉಂಬಳ, ಕಂಬಳಿಕೊಪ್ಪೆ, ಹೊಳೆ ದಾಟುವ ದೋಣಿ, ಯಾವುದಕ್ಕೂ ಟಿಪ್ಪಣಿ ಬೇಕಿಲ್ಲ. ಮಲೆನಾಡಿಗೆ ಮೊದಲ ಸೈಕಲ್ಲು ಬರುವ ಪ್ರಸಂಗಕ್ಕೆ ಬಂದಾಗ ಅವರು ನಗುತ್ತಾ, ತಮ್ಮೂರಿಗೆ ಮೊದಲ ಸೈಕಲ್ಲು ಬಂದಾಗ ಅಜ್ಜಯ್ಯ ಅದನ್ನು ಬೇಲಿಗೆ ಹೊಡೆದ ಕಥೆ ಹೇಳಿದರು. ಪುಸ್ತಕದ ಸೈಕಲ್ಲು ಎಲ್ಲಿ ಮುಗಿಯಿತು, ಅಜ್ಜಯ್ಯನದು ಎಲ್ಲಿ ಶುರುವಾಯಿತು ಎಂದು ಗೊತ್ತೇ ಆಗಲಿಲ್ಲ. ಹಿಂದೆ ನಾನೇ ಓದಿದ್ದ ಪುಸ್ತಕ ಅದು. ಆದರೂ ಫೋನು ಇಟ್ಟವನೇ ನನ್ನ ಪ್ರತಿ ಹುಡುಕಿ ಆ ಪುಟಗಳನ್ನು ಮತ್ತೆ ಓದಿದೆ.

ಆಮೇಲೆ ಒಂದು ದಿನ ಅವರು ಕೇಳಿದ್ದು ನಾಯಿಯ ವಿಷಯ. ಗುತ್ತಿಯ ಹಿಂದೆ ಮುಂದೆ ಓಡಾಡುವ ಹುಲಿಯ ಎಂಬ ಆ ನಾಯಿ ಕಾದಂಬರಿ ಓದಿದ ಯಾರಿಗೂ ಮರೆಯುವಂಥದ್ದಲ್ಲ. ‘ಹುಲಿಯಂಗೆ ಏನೂ ಆಗಲ್ಲ ಅಲ್ವಾ? ಅದೊಂದು ಹೇಳಿಬಿಡು’ ಎಂದರು. ನಾನು ಹೇಳಲಿಲ್ಲ. ಓದುತ್ತಿರುವವರ ಸಂಗಡ ಮಾತಾಡುವವನಿಗೆ ಇರಬೇಕಾದ ಮೊದಲ ಗುಣ ಈ ಬಾಯಿಬಿಗಿ. ಅವರು ನಿಂತಿರುವ ಪುಟಕ್ಕಿಂತ ಒಂದು ಹೆಜ್ಜೆಯೂ ಮುಂದೆ ಹೋಗಬಾರದು. ಹಾಗೆಂದು ಸುಮ್ಮನೆ ಹ್ಞೂಂಗುಟ್ಟಿದರೂ ಸಾಲದು. ಅವರು ದಾಟಿ ಬಂದ ದಾರಿಯಲ್ಲೇ ಗಮನಿಸದೆ ಬಿಟ್ಟ ಒಂದು ಸಂಗತಿಯನ್ನು ತೋರಿಸಬೇಕು. ‘ಮೊದಲ ಪುಟಗಳಲ್ಲಿ ಗುತ್ತಿ ಸಿಂಬಾವಿಯಿಂದ ಹೊರಟಾಗ ಹುಲಿಯ ಹೇಗಿತ್ತು, ಇನ್ನೊಮ್ಮೆ ನೋಡಿ’ ಎಂದೆ. ಅವರು ನೋಡಿದರು. ಆ ನಾಯಿಯ ಗತಿ ಏನಾಗುತ್ತದೆ ಎಂಬುದನ್ನು ನಾನು ಇಲ್ಲಿಯೂ ಬರೆಯುವುದಿಲ್ಲ. ಇದನ್ನು ಓದುತ್ತಿರುವವರಲ್ಲಿ ಯಾರೋ ಒಬ್ಬರು ನಾಳೆ ಆ ಪುಸ್ತಕ ಹಿಡಿಯಬಹುದು.

ಹೀಗೆ ನಡುವೆ ನಿಂತು, ನಾಲ್ಕು ಜನ ಕೂಡಿ ಮಾತಾಡುವ ಓದು ನಮ್ಮ ನಾಡಿಗೆ ಹೊಸದಲ್ಲ. ಒಬ್ಬರೇ ಮೂಲೆಯಲ್ಲಿ ಕೂತು ಮೌನವಾಗಿ ಓದುವುದೇ ನಮಗೆ ಈಚಿನ ಅಭ್ಯಾಸ. ನಮ್ಮ ಶಿವಮೊಗ್ಗದ ಪಕ್ಕದಲ್ಲೇ, ತುಂಗೆಯ ಆಚೆ ಈಚೆ ಇರುವ ಮತ್ತೂರು ಮತ್ತು ಹೊಸಹಳ್ಳಿಗಳಲ್ಲಿ ಗಮಕ ಇಂದಿಗೂ ಇದೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನನಗಾದ ಸಂತೋಷ ಓದುಗನ ಸಂತೋಷವೂ ಹೌದು. ಗಮಕಿ ಕುಮಾರವ್ಯಾಸನ ಷಟ್ಪದಿಯನ್ನು ರಾಗದಲ್ಲಿ ವಾಚಿಸುತ್ತಾರೆ. ವ್ಯಾಖ್ಯಾನಕಾರರು ಅದನ್ನು ಬಿಡಿಸಿ ಹೇಳುತ್ತಾರೆ, ನಡುವೆ ಊರಿನ ಮಾತು ತರುತ್ತಾರೆ, ಒಂದು ಪದದ ಮೇಲೆ ನಿಂತು ಸಭೆಯನ್ನೂ ನಿಲ್ಲಿಸುತ್ತಾರೆ. ಒಂದು ಪರ್ವ ಒಂದೇ ಸಂಜೆಗೆ ಮುಗಿಯುವುದಿಲ್ಲ.

ನಮ್ಮಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಲಕ್ಷ್ಮೀಶನ ಜೈಮಿನಿ ಭಾರತದ ಚಂದ್ರಹಾಸ ಅವಳಿಗೆ ಬಾಯಿಪಾಠದಷ್ಟು ಗೊತ್ತಿದ್ದ. ಊರಿನ ಜಗಲಿಯಲ್ಲಿ ರಾತ್ರಿ ಓದುತ್ತಿದ್ದರಂತೆ. ದುಷ್ಟಬುದ್ಧಿ ಕೊಟ್ಟ ಕಾಗದವನ್ನು ಸೊಂಟಕ್ಕೆ ಕಟ್ಟಿಕೊಂಡು ಚಂದ್ರಹಾಸ ತೋಟದಲ್ಲಿ ಮಲಗಿಬಿಡುತ್ತಾನೆ. ಆ ಕಾಗದದಲ್ಲಿ ಅವನಿಗೆ ವಿಷ ಕೊಡಬೇಕೆಂದು ಬರೆದಿದೆ. ಅಲ್ಲಿಗೆ ಆ ದಿನದ ಓದು ನಿಂತಿತು, ಮಂಗಳಾರತಿಯಾಯಿತು, ಎಲ್ಲರೂ ಸೂಡಿ ಹಿಡಿದು ಮನೆಗೆ ಹೊರಟರು. ಅಜ್ಜಿ ಹೇಳುತ್ತಿದ್ದಳು, ದಾರಿಯುದ್ದಕ್ಕೂ ಹೆಂಗಸರಿಗೆ ಅದೇ ಮಾತು. ಆ ಹುಡುಗನನ್ನು ಯಾರಾದರೂ ಎಬ್ಬಿಸಬೇಕಿತ್ತು, ಕಾಗದ ಒಡೆದು ನೋಡಬೇಕಿತ್ತು. ಮುಂದೇನಾಗುತ್ತದೆ ಎಂದು ಹಿಂದಿನ ವರ್ಷವೇ ಕೇಳಿ ತಿಳಿದವರೂ ಆ ಗುಂಪಿನಲ್ಲಿ ಇದ್ದರು. ಅವರು ಬಾಯಿ ಬಿಡುತ್ತಿರಲಿಲ್ಲ. ನಾನು ಅತ್ತಿಗೆಯ ಮುಂದೆ ಹುಲಿಯನ ವಿಷಯದಲ್ಲಿ ಬಾಯಿ ಮುಚ್ಚಿಕೊಂಡದ್ದು ಆ ಹೆಂಗಸರಿಂದ ಬಂದ ಪಾಠ ಎಂದೇ ನನ್ನ ನಂಬಿಕೆ.

ಜಗಲಿ ಹೋದ ಮೇಲೆ ಆ ಕೆಲಸವನ್ನು ವಾರಪತ್ರಿಕೆಗಳು ಮಾಡಿದವು. ‘ಸುಧಾ’ 1965ರಲ್ಲಿ ಬಂತು. ಒಂದು ಧಾರಾವಾಹಿಯನ್ನು ಸಾವಿರಾರು ಮನೆಗಳು ಒಂದೇ ವಾರ, ಒಂದೇ ಸಾಲಿನಲ್ಲಿ ನಿಂತು ಓದುತ್ತಿದ್ದವು. ಯಾರೂ ಮುಂದೆ ಹೋಗುವಂತಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ, ಹಿಟ್ಟಿನ ಗಿರಣಿಯ ಮುಂದೆ, ಗುರುತಿಲ್ಲದ ಇಬ್ಬರು ಕಥಾನಾಯಕಿಯ ಭವಿಷ್ಯದ ಬಗ್ಗೆ ವಾದ ಮಾಡಿದ್ದನ್ನು ಕೇಳಿಕೊಂಡು ಬೆಳೆದವನು ನಾನು. ತ್ರಿವೇಣಿಯವರ ಕಾದಂಬರಿಗಳು ಬಾಡಿಗೆ ಲೈಬ್ರರಿಯಿಂದ ನಮ್ಮ ಬೀದಿಗೆ ಬಂದರೆ ವಾಪಸು ಹೋಗುವ ಮೊದಲು ಎಷ್ಟು ಅಡುಗೆಮನೆ ಸುತ್ತುತ್ತಿದ್ದವೋ! ಪುಟಗಳಲ್ಲಿ ಒಗ್ಗರಣೆಯ ಎಣ್ಣೆಯ ಗುರುತು ಇರುತ್ತಿತ್ತು. ‘ಶರಪಂಜರ’ದ ಕಾವೇರಿಯ ಬಗ್ಗೆ ನಮ್ಮ ಚಿಕ್ಕಮ್ಮಂದಿರು ಧ್ವನಿ ತಗ್ಗಿಸಿ ಮಾತಾಡುತ್ತಿದ್ದರು. ಮನಸ್ಸಿನ ಕಾಯಿಲೆಯ ವಿಷಯವನ್ನು ನೇರವಾಗಿ ಎತ್ತಲಾಗದ ಮನೆಗಳಲ್ಲಿ ಆ ಪುಸ್ತಕದ ನೆಪದಲ್ಲಿ ಅದು ಮಾತಿಗೆ ಬಂತು. ಅದನ್ನು ನಾನು ದೊಡ್ಡ ಉಪಕಾರವೆಂದು ಎಣಿಸುತ್ತೇನೆ.

ಪುಸ್ತಕವನ್ನು ಮಾಡುವವರು, ಮಾರುವವರು ಈ ಮಾತಿಗೆ ಜೊತೆಯಾದ ಊರುಗಳು ಪುಣ್ಯವಂತ ಊರುಗಳು. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಬರೆದವರೇ ಮನೆ ಬಾಗಿಲಿಗೆ ಬಂದು ನಿಂತಾಗ, ಹಿಂದೆ ಕೊಂಡ ಪುಸ್ತಕ ಎಲ್ಲಿಗೆ ಬಂತು ಎಂಬ ಮಾತು ಬರದೆ ಇರುತ್ತದೆಯೇ? ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದರು. ವರ್ಷದ ಚಂದಾ ಕಟ್ಟಿದವರ ಮನೆಗೆ ಅಂಚೆಯಲ್ಲಿ ಪುಸ್ತಕ ಬರುತ್ತಿತ್ತು. ಇದರ ಸೊಗಸು ಯೋಚಿಸಿ: ಬೇರೆ ಬೇರೆ ಊರುಗಳ ಚಂದಾದಾರರು ಹೆಚ್ಚು ಕಡಿಮೆ ಅದೇ ದಿನಗಳಲ್ಲಿ ಅದೇ ಪುಸ್ತಕದ ಹಾಳೆ ಮಗುಚುತ್ತಿದ್ದರು. 1961ರಲ್ಲಿ ಕಾರ್ನಾಡರ ‘ಯಯಾತಿ’, 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಹೊರಬಂದದ್ದು ಅಲ್ಲಿಂದಲೇ. ಸುಭಾಸ ರಸ್ತೆಯ ಆ ‘ಅಟ್ಟ’ದಲ್ಲಿ ಕೀರ್ತಿನಾಥ ಕುರ್ತಕೋಟಿಯಂಥವರು ಕೂತು ಹಸ್ತಪ್ರತಿಗಳ ಬಗ್ಗೆ ಹರಟುತ್ತಿದ್ದ ಕಾಲಕ್ಕೆ ನಾನು ಹುಟ್ಟಿರಲಿಲ್ಲ. ಮುಂದೆ ಎಂದೋ ಧಾರವಾಡಕ್ಕೆ ಹೋದಾಗ ಮೆಟ್ಟಿಲು ಹತ್ತಿ ಹೋಗಿ ಒಂದು ಪುಸ್ತಕ ಕೊಂಡು, ಅಲ್ಲೇ ಸ್ವಲ್ಪ ಹೊತ್ತು ಕೂತು ಓದಿದೆ. ಮನಸ್ಸು ತುಂಬಿತು.

ಸಾರ್ವಜನಿಕ ಗ್ರಂಥಾಲಯದ ಪುಸ್ತಕದಲ್ಲಿ ಇನ್ನೊಂದು ಬಗೆಯ ಸಹವಾಸ ಸಿಗುತ್ತದೆ. ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ತಾರೀಕಿನ ಮುದ್ರೆಗಳ ಸಾಲು. ನನಗಿಂತ ಮೊದಲು ಯಾರೋ ಒಂದು ಬೇಸಿಗೆಯಲ್ಲಿ, ಮತ್ಯಾರೋ ದಸರಾ ರಜೆಯಲ್ಲಿ ಅದನ್ನು ಕೊಂಡುಹೋಗಿದ್ದಾರೆ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ತಂದಾಗ ಒಂದು ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ‘ಈ ಮರ ನಮ್ಮ ಶಾಲೆ ಹಿಂದೆ ಇದೆ’ ಎಂದು ಬರೆದಿತ್ತು. ಗ್ರಂಥಾಲಯದ ಪುಸ್ತಕದಲ್ಲಿ ಬರೆಯಬಾರದು, ನಿಜ. ಆದರೆ ಆ ಓದುಗ ಪುಸ್ತಕ ಮಗುಚಿಟ್ಟು ಶಾಲೆಯ ಹಿಂದಕ್ಕೆ ಹೋಗಿ ಎಲೆ ಮುಟ್ಟಿ ನೋಡಿ ಬಂದಿರಬೇಕು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಆ ಮೇಷ್ಟರಿಗೆ ಇದಕ್ಕಿಂತ ಒಳ್ಳೆಯ ಶಿಷ್ಯ ಬೇಕೆ?

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ನನ್ನ ಪ್ರಶ್ನೆಗೆ ಎಲ್ಲ ಕಡೆ ಒಂದೇ ಉತ್ತರ ಸಿಗತೊಡಗಿತು. ಬೆಂಗಳೂರಿನ ರೈಲಿನಲ್ಲಿ ಎದುರಿಗೆ ಕೂತಿದ್ದ ಹುಡುಗಿ ಇಂಗ್ಲಿಷಿನಲ್ಲಿ ಓದುತ್ತಿದ್ದಳು. ಕನ್ನಡ ಮನೆಯವಳೇ, ಕನ್ನಡ ಪುಸ್ತಕ ಕೈಯಲ್ಲಿ ಹಿಡಿದು ಬಹಳ ಕಾಲವಾಗಿತ್ತಂತೆ. ‘ಕಥೆಯ ಹೆಂಗಸರು ಕನ್ನಡದಲ್ಲಿ ಹೇಗೆ ಬೈತಾರೆ ಅಂತ ನೋಡ್ಬೇಕು ಅನ್ಸುತ್ತೆ’ ಎಂದಳು. ಅರಸೀಕೆರೆ ಬರುವವರೆಗೆ ಅದೇ ಮಾತು. ‘ಕರಿ ನಾಗರಗಳು’ ಕಥೆಯೇ ಗಿರೀಶ ಕಾಸರವಳ್ಳಿಯವರ ‘ಹಸೀನಾ’ ಸಿನಿಮಾ ಆದದ್ದು ಎಂದು ಹೇಳಿ, ಕನ್ನಡದ ಪುಸ್ತಕ ಎಲ್ಲಿ ಸಿಗಬಹುದು ಎಂದು ಬರೆದುಕೊಟ್ಟೆ. ಪ್ರಶಸ್ತಿಗಳು ಓದು ಹೆಚ್ಚಿಸುತ್ತವೆಯೋ ಇಲ್ಲವೋ ಎಂಬ ಚರ್ಚೆ ಆಗಾಗ ನಡೆಯುತ್ತದೆ. ಗುರುತಿಲ್ಲದ ಇಬ್ಬರ ನಡುವೆ ಒಂದು ಪುಸ್ತಕವನ್ನು ತಂದು ಇಟ್ಟದ್ದಂತೂ ನಾನು ಕಣ್ಣಾರೆ ಕಂಡದ್ದು.

ಈಗ ನಮ್ಮ ಕೇರಿಯಲ್ಲಿ ಭಾನುವಾರ ಬೆಳಿಗ್ಗೆ ಕೆಲವರು ಸೇರುತ್ತೇವೆ. ಭಾಷಣವಿಲ್ಲ, ಅಧ್ಯಕ್ಷರಿಲ್ಲ. ಪುಸ್ತಕ ಮುಗಿಸಿಕೊಂಡೇ ಬರಬೇಕೆಂದಿಲ್ಲ, ಮುಗಿಸದೆ ಬಂದರೆ ಇನ್ನೂ ಒಳ್ಳೆಯದು. ನಿವೃತ್ತರಾದ ಬ್ಯಾಂಕಿನ ರಾಯರು ಭೈರಪ್ಪನವರ ‘ಪರ್ವ’ವನ್ನು ಮತ್ತೆ ಹಿಡಿದಿದ್ದಾರೆ. ಶಲ್ಯನ ಊರನ್ನು ಬಿಟ್ಟು ಕುಂತಿಯ ನೆನಪುಗಳೊಳಗೆ ಇಳಿದಿದ್ದಾರೆ, ಸದ್ಯಕ್ಕೆ ಮೇಲೆ ಬರುವ ಹಾಗೆ ಕಾಣುವುದಿಲ್ಲ. ಪಿಯು ಓದುವ ಹುಡುಗನೊಬ್ಬ ‘ಕರ್ವಾಲೊ’ದಲ್ಲಿದ್ದಾನೆ. ಜೇನು ಸೊಸೈಟಿಯಲ್ಲಿ ಮಂದಣ್ಣ ಕಾಣಿಸಿಕೊಂಡಾಗಿನಿಂದ ಅವನ ಕೈಯಿಂದ ಪುಸ್ತಕ ಇಳಿದಿಲ್ಲ. ತೇಜಸ್ವಿಯವರದ್ದು ಇನ್ನೆಷ್ಟು ಪುಸ್ತಕಗಳಿವೆ ಎಂದು ಈಗಲೇ ಕೇಳುತ್ತಾನೆ, ಹೇಳಿದಾಗ ಅವನ ಕಣ್ಣಲ್ಲಿ ಕಾಣುವ ಖುಷಿಗೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಆ ಎಲ್ಲವನ್ನೂ ಮೊದಲ ಸಲ ಓದುವ ಭಾಗ್ಯ ಅವನ ಮುಂದಿದೆ.

ಆದರೆ ಈ ತಿಂಗಳು ನಮ್ಮನ್ನು ಹಿಡಿದಿಟ್ಟಿರುವುದು ‘ಬೆಟ್ಟದ ಜೀವ’. ಕಾರಂತರು ಅದನ್ನು ಬರೆದು ಎಂಬತ್ತು ವರ್ಷ ದಾಟಿತು. ನರ್ಸ್ ಆಗಿರುವ ನಮ್ಮ ಗೆಳತಿಯೊಬ್ಬರು ರಾತ್ರಿ ಡ್ಯೂಟಿಯ ಬಿಡುವಿನಲ್ಲಿ ಅದನ್ನು ಓದುತ್ತಿದ್ದಾರೆ. ಕುಮಾರಪರ್ವತದ ಸೆರಗಿನಲ್ಲಿ ಕಾಡು ಕಡಿದು, ಹಳ್ಳದ ನೀರು ತಿರುಗಿಸಿ, ಕಾಟುಮೂಲೆಯಲ್ಲಿ ಅಡಿಕೆ ತೋಟ ಎಬ್ಬಿಸುವ ಗೋಪಾಲಯ್ಯನವರ ಹುರುಪು ಅವರಿಗೆ ಒಂದು ಕಡೆ ಬೆರಗು, ಇನ್ನೊಂದು ಕಡೆ ಕಸಿವಿಸಿ. ‘ಅಷ್ಟು ಕಾಡು ಹೋಯ್ತಲ್ಲ ಸಾರ್, ನನಗೆ ಮೊದಲಿನ ಹಾಗೆ ಖುಷಿಪಡೋಕಾಗ್ತಿಲ್ಲ’ ಎಂದರು. ರಾಯರು ಒಪ್ಪಲಿಲ್ಲ. ಬರಿಗೈಯಲ್ಲಿ ಮಳೆ, ಜ್ವರ, ಕಾಡುಪ್ರಾಣಿಗಳ ನಡುವೆ ಬದುಕು ಕಟ್ಟಿದ ಮನುಷ್ಯನನ್ನು ಇವತ್ತಿನ ಕಣ್ಣಿಂದ ಅಳೆಯಬೇಡಿ ಎಂದರು. ಹುಡುಗ ಇನ್ನೂ ಆ ಪುಸ್ತಕ ಮುಟ್ಟಿಲ್ಲ, ಆದರೂ ಗೋಪಾಲಯ್ಯನವರು ಬೆಟ್ಟದ ಬಗ್ಗೆ ಮಾತಾಡುವಾಗ ಮಾಲೀಕನ ಹಾಗೆ ಮಾತಾಡುತ್ತಾರಾ, ನೆಂಟನ ಹಾಗಾ ಎಂದು ಕೇಳಿದ. ಅಲ್ಲಿಗೆ ಎಲ್ಲರೂ ಒಂದು ಕ್ಷಣ ಸುಮ್ಮನಾದೆವು, ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದೆವು.

ಪ್ರತಿ ಒಂದೇ ಇದೆ, ನರ್ಸಮ್ಮನ ಚೀಲದಲ್ಲಿ. ಹುಡುಗನ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಬರುತ್ತೇನೆ, ಬೆಟ್ಟ ಹತ್ತುವ ಭಾಗ ಇನ್ನೊಮ್ಮೆ ಓದಬೇಕು ಎಂದು ಹೇಳಿ ಹೋಗಿದ್ದಾರೆ. ರಾಯರು ಮನೆಯ ಅಟ್ಟದಲ್ಲಿ ತಮ್ಮ ಹಳೆಯ ಪ್ರತಿ ಹುಡುಕಿಸುತ್ತಿದ್ದಾರಂತೆ. ಅದು ಸಿಕ್ಕರೆ ಮೊದಲ ಸರದಿ ಹುಡುಗನದು.